ಉಚಿತ ದವಾಖಾನೆಯ ಎರಡು ಕಿರ್ದಿಗಳು



ಕಳೆದ ಶ್ರಾವಣದಲ್ಲಿ ನಮ್ಮ ಹಳೆಯ ಮನೆಯ ಅಟ್ಟವನ್ನು ಸ್ವಚ್ಛಗೊಳಿಸುವಾಗ ತಗಡಿನ ಟ್ರಂಕೊಂದರಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಕಿರ್ದಿ ಪುಸ್ತಕ ದೊರೆಯಿತು. ಅದು ನನ್ನ ಸೋದರಮಾವನದು. ಬೈಲಹೊಂಗಲದ ಒಂದು ಅಡತಿ ಅಂಗಡಿಯಲ್ಲಿ ಅವರು ಲೆಕ್ಕ ಬರೆಯುತ್ತಿದ್ದರು. ಮನೆಯ ಖರ್ಚನ್ನೂ ಅಂಗಡಿಯ ಶಿಸ್ತಿನಿಂದಲೇ ಬರೆದಿಡುವುದು ಅವರ ರೂಢಿ. 1971ನೆಯ ಇಸವಿಯ ಪುಟಗಳಲ್ಲಿ ‘ಭಾವನ ಬೇನೆ’ ಎಂಬ ತಲೆಬರಹದ ಕೆಳಗೆ ಹದಿನಾಲ್ಕು ದಿನಗಳ ಲೆಕ್ಕವಿತ್ತು. ಆ ವರ್ಷ ಹಿಂಗಾರಿ ಬಿತ್ತನೆಯ ಕಾಲದಲ್ಲಿ ನನ್ನ ತಂದೆಯವರು ವಿಷಮಜ್ವರದಿಂದ ಸರಕಾರಿ ದವಾಖಾನೆಯೊಂದರಲ್ಲಿ ಮಲಗಿದ್ದರು. ನಾನಾಗ ಏಳನೆಯ ಇಯತ್ತೆಯ ಹುಡುಗ.

ಬಸ್ಸಿನ ಚಾರ್ಜು, ಹೊರಗಿನ ಅಂಗಡಿಯಿಂದ ತಂದ ಔಷಧಿ, ಹಾಲು, ಮೋಸಂಬಿ, ಚಿಮಣಿ ಎಣ್ಣೆ, ತಂದೆಯವರ ಬದಲು ಬಿತ್ತನೆಗೆ ಹಚ್ಚಿದ ಆಳುಗಳ ಕೂಲಿ ಎಲ್ಲವನ್ನೂ ಮಾವ ಸಾಲುಸಾಲಾಗಿ ಬರೆದಿದ್ದರು. ಒಟ್ಟು 118 ರೂಪಾಯಿ. ಕಡೆಯ ಸಾಲಿನಲ್ಲಿ ‘ದವಾಖಾನೆಗೆ ಕೊಟ್ಟದ್ದು: ಪೂಜ್ಯ’ ಎಂದಿತ್ತು. ಸೊನ್ನೆಗೆ ನಮ್ಮ ಹಿರಿಯರು ಪೂಜ್ಯವೆನ್ನುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಆ ಸಾಲನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ದವಾಖಾನೆ ಇಲ್ಲದಿದ್ದರೆ ನನ್ನ ತಂದೆ ಉಳಿಯುತ್ತಿರಲಿಲ್ಲ, ನಾನು ಬಿ.ಎಡ್. ಮುಗಿಸಿ ನಿಮ್ಮ ಮುಂದೆ ಖಡು ಹಿಡಿದು ನಿಲ್ಲುತ್ತಲೂ ಇರಲಿಲ್ಲ. ಆ ಋಣ ದೊಡ್ಡದು. ಆದರೆ ಒಬ್ಬ ಇತಿಹಾಸ ಶಿಕ್ಷಕನಾಗಿ ನನಗೆ ಎರಡು ಪ್ರಶ್ನೆಗಳು ಎದುರಾದವು. ಸರಕಾರ ನನ್ನ ತಂದೆಯವರಿಗಾಗಿ ಎಷ್ಟು ವೆಚ್ಚ ಮಾಡಿತು? ನಮ್ಮ ಮನೆಯ 118 ರೂಪಾಯಿ ಸರಕಾರದ ಯಾವ ಪುಸ್ತಕದಲ್ಲಿ ಜಮೆಯಾಯಿತು? ಮೊದಲನೆಯದನ್ನು ನಮಗೆ ಯಾರೂ ತಿಳಿಸಲಿಲ್ಲ. ಎರಡನೆಯದನ್ನು ನಮ್ಮನ್ನು ಯಾರೂ ಕೇಳಲಿಲ್ಲ. ಸರಕಾರಿ ಚಿಕಿತ್ಸೆಗೆ ಯಾವಾಗಲೂ ಎರಡು ಕಿರ್ದಿಗಳಿರುತ್ತವೆ, ಒಂದು ಸರಕಾರದ್ದು, ಇನ್ನೊಂದು ರೋಗಿಯ ಮನೆಯದು. ಇವೆರಡರ ಚರಿತ್ರೆಯನ್ನು ನಮ್ಮ ಸೀಮೆಯನ್ನೇ ಮುಂದಿಟ್ಟುಕೊಂಡು ಹೇಳುವುದು ಈ ಬರಹದ ಉದ್ದೇಶ.

ಮೊದಲು ಸರಕಾರದ ಕಿರ್ದಿಯನ್ನು ನೋಡೋಣ. ಬ್ರಿಟಿಷರ ಕಾಲದಲ್ಲಿ ನಮ್ಮ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಬೈಲಹೊಂಗಲ ಮತ್ತು ಕಿತ್ತೂರು ಬೆಳಗಾವಿ ಜಿಲ್ಲೆಯ ಸಂಪಗಾಂವ ತಾಲೂಕಿನಲ್ಲಿದ್ದವು. ಸವದತ್ತಿಯು ಪರಸಗಡ ತಾಲೂಕಿನ ಮುಖ್ಯ ಸ್ಥಳ. ಈ ಮೂರೂ ಮುಂಬಯಿ ಇಲಾಖೆಗೆ ಸೇರಿದವು. ರಾಮದುರ್ಗ ಮಾತ್ರ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನ. ಅಲ್ಲಿಯ ಜಮಾಖರ್ಚು ಅಲ್ಲಿಯ ಖಜಾನೆಯದೇ. 1948ರ ಮಾರ್ಚ್ 8ರಂದು ದಕ್ಷಿಣದ ಸಂಸ್ಥಾನಗಳು ವಿಲೀನವಾದಾಗ ರಾಮದುರ್ಗವೂ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಾಲ್ಕೂ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. ಒಂಬತ್ತು ವರ್ಷಗಳೊಳಗೆ ರಾಮದುರ್ಗದ ಲೆಕ್ಕ ಮೂರು ಸರಕಾರಗಳ ಕೈ ದಾಟಿತು. ಒಂದೇ ದವಾಖಾನೆಯ ನೂರು ವರ್ಷದ ಖರ್ಚನ್ನು ಹೋಲಿಸಿ ನೋಡುವುದು ಏಕೆ ಕಷ್ಟ ಎಂಬುದಕ್ಕೆ ಇದೂ ಒಂದು ಕಾರಣ.

1869ರ ಮುಂಬಯಿಯ ಲೋಕಲ್ ಫಂಡ್ ಕಾಯ್ದೆಯಂತೆ ರೈತರು ಕಂದಾಯದ ರೂಪಾಯಿಗೆ ಒಂದು ಆಣೆ ಹೆಚ್ಚಿನ ಕರ ತೆರಬೇಕಾಯಿತು. ರಸ್ತೆ, ಶಾಲೆಗಳೊಂದಿಗೆ ದವಾಖಾನೆಗಳಿಗೂ ಈ ಸ್ಥಳೀಯ ನಿಧಿಯ ನೆರವು ಸಲ್ಲುತ್ತಿತ್ತು. 1884ರ ಕಾಯ್ದೆಯಿಂದ ಜಿಲ್ಲಾ ಹಾಗೂ ತಾಲೂಕು ಲೋಕಲ್ ಬೋರ್ಡುಗಳು ಬಂದವು. ನಮ್ಮ ಅಜ್ಜ ಕೊನೆಯವರೆಗೂ ‘ಬೋರ್ಡಿನ ದವಾಖಾನಿ’ ಎಂದೇ ಅನ್ನುತ್ತಿದ್ದರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಉಚಿತವೆನಿಸಿದ ಆ ಔಷಧಿಯ ಬೆಲೆಯಲ್ಲಿ ಒಂದು ಪಾಲನ್ನು ಪರಸಗಡದ ರೈತ ಜ್ವರ ಬರುವ ಮೊದಲೇ ಕಂದಾಯದೊಡನೆ ಕೊಟ್ಟು ಮುಗಿಸಿದ್ದನು.

ಆ ಸರಕಾರಕ್ಕೆ ನಮ್ಮ ಮೇಲೆ ಪ್ರೀತಿ ಇತ್ತೆಂದು ನಾನು ಹೇಳಲಾರೆ, ಆದರೆ ಲೆಕ್ಕದ ಮೇಲೆ ಪ್ರೀತಿ ಇತ್ತು. ಸಿವಿಲ್ ಆಸ್ಪತ್ರೆಗಳು ಮತ್ತು ದವಾಖಾನೆಗಳ ಬಗ್ಗೆ ಮುಂಬಯಿ ಸರಕಾರ ವಾರ್ಷಿಕ ವರದಿಯನ್ನು ಮುದ್ರಿಸುತ್ತಿತ್ತು. ಜೇಮ್ಸ್ ಕ್ಯಾಂಬೆಲ್‌ರ ಸಂಪಾದಕತ್ವದಲ್ಲಿ ಬಂದ ಮುಂಬಯಿ ಗೆಜೆಟಿಯರ್ ಮಾಲೆಯಲ್ಲಿ ಬೆಳಗಾವಿ ಜಿಲ್ಲೆಯದು 21ನೆಯ ಸಂಪುಟ, 1884ರಲ್ಲಿ ಅಚ್ಚಾಯಿತು. ದವಾಖಾನೆಗಳೆಷ್ಟು, ಚಿಕಿತ್ಸೆ ಪಡೆದವರೆಷ್ಟು, ವೆಚ್ಚವೆಷ್ಟು ಎಂಬುದನ್ನು ಆರೋಗ್ಯದ ಅಧ್ಯಾಯದಲ್ಲಿ ಕೊಡುವುದು ಆ ಮಾಲೆಯ ಪದ್ಧತಿ. ಹತ್ತು ರೂಪಾಯಿಗೆ ಒಂದು ಪೌಂಡಿನಂತೆ ಹಣವನ್ನು ಪೌಂಡುಗಳಲ್ಲಿ ಕಾಣಿಸಿದ್ದಾರೆ. ರೋಗಿಗಳ ಸಂಖ್ಯೆಯಿಂದ ವೆಚ್ಚವನ್ನು ಭಾಗಿಸಿದರೆ ‘ತಲಾ ವೆಚ್ಚ’ ಬಂತೆಂದು ಅಧಿಕಾರಿಗಳು ತೃಪ್ತರಾಗುತ್ತಿದ್ದರು.

ಹೀಗೆ ಭಾಗಿಸುವುದು ಅಷ್ಟು ಸುಲಭವಲ್ಲವೆಂದು ಅದಕ್ಕೂ ಮುಂಚೆ ಒಬ್ಬ ಮಹಿಳೆ ತೋರಿಸಿಕೊಟ್ಟಿದ್ದರು. ದೀಪಧಾರಿಣಿ ಎಂದು ನಾವು ಪಾಠ ಮಾಡುವ ಫ್ಲಾರೆನ್ಸ್ ನೈಟಿಂಗೇಲ್ ಅಂಕಿಸಂಖ್ಯೆಯಲ್ಲಿಯೂ ನಿಪುಣರಾಗಿದ್ದರು. 1860ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆಯ ಪಟ್ಟಿಗಳಿರಬೇಕೆಂಬ ಯೋಜನೆಯನ್ನು ಅವರು ಇರಿಸಿದರು. 1893ರಲ್ಲಿ ಹೆನ್ರಿ ಬರ್ಡೆಟ್ ಆಸ್ಪತ್ರೆಗಳ ಜಮಾಖರ್ಚಿಗೇ ಏಕರೂಪದ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದರು. ಇಬ್ಬರ ತರ್ಕವೂ ಒಂದೇ. ಒಂದು ಆಸ್ಪತ್ರೆ ಊಟದ ಖರ್ಚನ್ನು ಸೇರಿಸಿ, ಇನ್ನೊಂದು ಬಿಟ್ಟು ಲೆಕ್ಕ ಬರೆದರೆ ಯಾವುದು ದುಬಾರಿ ಎಂದು ಹೇಳುವುದು ಹೇಗೆ?

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಸರ್ ಜೋಸೆಫ್ ಭೋರ್ ಸಮಿತಿಯ ವರದಿ ಬಂತು. ಅದರಂತೆ ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಜನಕ್ಕೆ 0.24 ಹಾಸಿಗೆ, ಎಂದರೆ ನಾಲ್ಕು ಸಾವಿರ ಜನಕ್ಕೆ ಹೆಚ್ಚುಕಡಿಮೆ ಒಂದು ಹಾಸಿಗೆ. ಹಣ ಕೊಡಲಾರದ ಕಾರಣಕ್ಕಾಗಿ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬುದು ಸಮಿತಿಯ ಮೂಲತತ್ವವಾಗಿತ್ತು. ಸಂವಿಧಾನವು ಆಸ್ಪತ್ರೆ ಮತ್ತು ದವಾಖಾನೆಗಳನ್ನು ರಾಜ್ಯಪಟ್ಟಿಯಲ್ಲಿಟ್ಟಿತು. ಈಗ ರಾಜ್ಯದ ಮುಂಗಡಪತ್ರ ತೆರೆದರೆ ‘2210’ ಎಂಬ ಲೆಕ್ಕಶೀರ್ಷಿಕೆಯ ಕೆಳಗೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ವೆಚ್ಚ ಕಾಣುತ್ತದೆ; ಕಟ್ಟಡ ಮುಂತಾದ ಬಂಡವಾಳ ವೆಚ್ಚಕ್ಕೆ ‘4210’. ಸಂಬಳಕ್ಕೆ ಇಷ್ಟು, ಔಷಧಿಗೆ ಇಷ್ಟು ಎಂದು ಅಲ್ಲಿ ಓದಬಹುದು. ಶಾಸನಸಭೆಯ ಮಂಜೂರಾತಿಗೆ, ಲೆಕ್ಕ ತಪಾಸಣೆಗೆ ಈ ಪದ್ಧತಿ ತಕ್ಕುದೇ. ಆದರೆ ಸವದತ್ತಿಯಲ್ಲಿ ಒಂದು ಹೆರಿಗೆಗೆ ಸರಕಾರಕ್ಕೆ ಎಷ್ಟು ತಗಲಿತು ಎಂಬ ಪ್ರಶ್ನೆಗೆ ಅದು ಉತ್ತರಿಸದು. ಹಣ ಎಲ್ಲಿಂದ ಹೊರಟಿತೆಂದು ಅದು ಹೇಳುತ್ತದೆ, ಯಾವ ಹಾಸಿಗೆಗೆ ತಲುಪಿತೆಂದು ಹೇಳುವುದಿಲ್ಲ.

ಆ ಉತ್ತರ ಬೇಕಾದರೆ ಲೆಕ್ಕವನ್ನು ತಳದಿಂದ ಕಟ್ಟಬೇಕು. ವೈದ್ಯರ, ದಾದಿಯರ, ಸಿಪಾಯಿಗಳ ಸಂಬಳ, ಔಷಧಿ, ಊಟ, ವಿದ್ಯುತ್ತು, ನೀರು, ಯಂತ್ರಗಳ ಮತ್ತು ಕಟ್ಟಡದ ವಾರ್ಷಿಕ ಸವಕಳಿ ಇವೆಲ್ಲವನ್ನೂ ಕೂಡಿಸಬೇಕು. ಹೊರರೋಗಿಗಳ ಪಾಲನ್ನು ಬೇರೆ ತೆಗೆದಿಡಬೇಕು. ಉಳಿದುದನ್ನು ‘ಹಾಸಿಗೆ-ದಿನ’ಗಳಿಂದ ಭಾಗಿಸಬೇಕು. ಒಬ್ಬ ರೋಗಿ ಒಂದು ದಿನ ಮಲಗಿದರೆ ಒಂದು ಹಾಸಿಗೆ-ದಿನ. ನನ್ನ ತಂದೆಯವರದು ಹದಿನಾಲ್ಕು. ಇತ್ತೀಚಿನ ವರ್ಷಗಳಲ್ಲಿ ಚಂಡೀಗಡದ ಪಿ.ಜಿ.ಐ. ವೈದ್ಯಕೀಯ ಸಂಸ್ಥೆಯ ಸಂಶೋಧಕರು ಹಲವು ರಾಜ್ಯಗಳ ಸರಕಾರಿ ಆಸ್ಪತ್ರೆಗಳಲ್ಲಿ ಇಂತಹ ತಳಮಟ್ಟದ ಲೆಕ್ಕವನ್ನು ಶ್ರಮವಹಿಸಿ ಮಾಡಿದ್ದಾರೆ.

ಹಳೆಯ ಚಾಳಿ ಬಿಡಲಾಗದು, ಒಂದು ಲೆಕ್ಕ ಕೊಡುತ್ತೇನೆ. ಇದು ಕಲ್ಪಿತ ಉದಾಹರಣೆ. ಯಾವ ಊರಿನದೂ ಅಲ್ಲ. 100 ಹಾಸಿಗೆಗಳ ಆಸ್ಪತ್ರೆಯಲ್ಲಿ ದಿನಕ್ಕೆ 60 ಹಾಸಿಗೆ ತುಂಬಿದ್ದರೆ ವರ್ಷಕ್ಕೆ 21,900 ಹಾಸಿಗೆ-ದಿನಗಳು. ಒಳರೋಗಿಗಳ ವಾರ್ಷಿಕ ವೆಚ್ಚ 4 ಕೋಟಿ 38 ಲಕ್ಷ ರೂಪಾಯಿ ಎಂದುಕೊಳ್ಳಿರಿ. ದಿನಕ್ಕೆ 2,000 ರೂಪಾಯಿ ಆಯಿತು. ಅದೇ ಆಸ್ಪತ್ರೆಯಲ್ಲಿ 30 ಹಾಸಿಗೆಗಳಷ್ಟೇ ತುಂಬಿ, ಸಂಬಳ ಮುಂತಾದ ಖರ್ಚು ಹಾಗೆಯೇ ಇದ್ದರೆ 4,000 ರೂಪಾಯಿ ಆಗುತ್ತದೆ. ದುಂದುವೆಚ್ಚ ಯಾರೂ ಮಾಡಲಿಲ್ಲ, ಜನ ಬರಲಿಲ್ಲ, ಅಷ್ಟೇ. ಇನ್ನೊಂದು ಊರಿನಲ್ಲಿ ತಜ್ಞವೈದ್ಯರ ಹುದ್ದೆ ಖಾಲಿ, ಔಷಧಿಯ ಕಪಾಟೂ ಖಾಲಿ, ಆದರೆ ರೋಗಿಗಳು ಮಾತ್ರ ದಂಡಿಯಾಗಿ ಬರುತ್ತಾರೆ. ಅಲ್ಲಿಯ ತಲಾ ವೆಚ್ಚ ಬಹಳ ಕಡಿಮೆ! ಕಾಗದದ ಮೇಲೆ ಅದು ಮಿತವ್ಯಯದ ಮಾದರಿ. ನಿಜವಾಗಿ, ದವಾಖಾನೆಯ ಕಿರ್ದಿಯಲ್ಲಿ ಉಳಿದ ಹಣ ರೋಗಿಯ ಮನೆಯ ಕಿರ್ದಿಯಲ್ಲಿ ಖರ್ಚಾಗಿದೆ. ನನ್ನ ಮಾವ ಬರೆದ ‘ಹೊರಗಿನ ಔಷಧಿ’ ಎಂಬ ಸಾಲಿನ ಅರ್ಥ ಇದೇ. ಒಂದು ಪುಸ್ತಕವನ್ನಷ್ಟೇ ಓದುವವನು ಮೋಸಹೋಗುತ್ತಾನೆ.

ಭಾಗಿಸುವ ಸಂಖ್ಯೆಯ ಬಗೆಗೂ ಎಚ್ಚರ ಬೇಕು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಸವದತ್ತಿ ತಾಲೂಕಿನ ಜನಗಣತಿಯಲ್ಲಿಲ್ಲ, ಆದರೆ ವಾಂತಿಭೇದಿಯಾದಾಗ ಅವರು ಹೋಗುವುದು ಅಲ್ಲಿಯ ದವಾಖಾನೆಗೇ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದಳು. ಮರುವರ್ಷವೇ ಕೊರೋನಾ ಬಂತು. ಅಂತಹ ವರ್ಷಗಳ ಅಂಕಿಯನ್ನು ಸಾಮಾನ್ಯ ವರ್ಷದ ಅಂಕಿಯೊಡನೆ ತೂಗಿ ‘ಖರ್ಚು ಹೆಚ್ಚಾಯಿತು’ ಎಂದು ಹುಬ್ಬು ಗಂಟಿಕ್ಕುವುದು ನ್ಯಾಯವಲ್ಲ.

ಕರ್ನಾಟಕದಲ್ಲಿ 1996ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಆರಂಭವಾಗಿ ತಾಲೂಕು ಮಟ್ಟದ ಆಸ್ಪತ್ರೆಗಳು ಮೇಲ್ದರ್ಜೆಗೇರಿದವು. 2001ರಲ್ಲಿ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ, ಆರೋಗ್ಯ ಇಲಾಖೆಯಲ್ಲಿಯ ಭ್ರಷ್ಟಾಚಾರವನ್ನೂ ಪ್ರದೇಶಗಳ ನಡುವಿನ ಅಂತರವನ್ನೂ ಮುಚ್ಚುಮರೆಯಿಲ್ಲದೆ ಬರೆಯಿತು. 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 35 ಸೂಚಕಗಳಿಂದ ತಾಲೂಕುಗಳನ್ನು ಅಳೆದು, 114 ತಾಲೂಕುಗಳು ಹಿಂದುಳಿದಿವೆಯೆಂದು ಸಾರಿತು. ಆರೋಗ್ಯಕ್ಕೆ ಸಂಬಂಧಿಸಿ ವೈದ್ಯರ ಮತ್ತು ಹಾಸಿಗೆಗಳ ಪ್ರಮಾಣ ಅದರ ಅಳತೆಗೋಲಾಗಿತ್ತು. ಅದು ಉಪಯುಕ್ತ ಕೆಲಸ. ಆದರೆ ಹಾಸಿಗೆಯಲ್ಲಿ ಮಲಗಿದವನ ಮನೆಯಲ್ಲಿ ಏನಾಯಿತೆಂಬುದು ಆ ಅಳತೆಗೋಲಿಗೆ ಸಿಗುವ ಮಾತಲ್ಲ.

ಇನ್ನು ಎರಡನೆಯ ಕಿರ್ದಿಗೆ ಬರೋಣ.

1999ರ ಸುಮಾರಿಗೆ ನಾನು ಹತ್ತನೆಯ ತರಗತಿಗೆ ಅರ್ಥಶಾಸ್ತ್ರದ ಭಾಗವನ್ನು ಕಲಿಸುತ್ತಿದ್ದಾಗ, ಮನೆಯಲ್ಲಿ ಯಾರಾದರೂ ದವಾಖಾನೆಯಲ್ಲಿದ್ದರೆ ಆದ ಖರ್ಚನ್ನು ಕೇಳಿ ಬರೆದುಕೊಂಡು ಬರಲು ಹೇಳಿದ್ದೆ. ಆ ತರಗತಿಯಲ್ಲಿ ಕುಳಿತವರು ಕೆಲವರು ಇದನ್ನು ಓದುತ್ತಿರಬಹುದು. ಒಬ್ಬ ಹುಡುಗಿಯ ವಹಿ ಖಾಲಿಯಾಗಿತ್ತು. ನಾನು ಗದರಿದೆ. ಅವಳು ತಲೆ ತಗ್ಗಿಸಿ ಹೇಳಿದಳು: “ದವಾಖಾನ್ಯಾಗ ರೊಕ್ಕ ಏನೂ ತಗೊಂಡಿಲ್ರಿ ಸರ. ಆದ್ರ ನಮ್ಮ ಎಮ್ಮಿ ಹೋತ್ರಿ.”

ತರಗತಿ ನಕ್ಕಿತು. ನಾನು ನಗಲಿಲ್ಲ, ಆದರೆ ಆ ದಿನ ಅವಳಿಗೆ ತಕ್ಕ ಉತ್ತರವನ್ನೂ ಕೊಡಲಿಲ್ಲ. ‘ಎಮ್ಮೆ’ಯನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ನನಗೇ ತಿಳಿದಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಭಾರತ ಸರಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯು 1986-87, 1995-96, 2004, 2014 ಮತ್ತು 2017-18ರಲ್ಲಿ ಮನೆಮನೆಗೆ ಹೋಗಿ ಚಿಕಿತ್ಸೆಯ ಖರ್ಚನ್ನು ಕೇಳಿದೆ. ಅದರ ಇತ್ತೀಚಿನ ಸುತ್ತುಗಳ ಪ್ರಶ್ನಾವಳಿಯಲ್ಲಿ ವೈದ್ಯರ ಫೀ, ಔಷಧಿ, ತಪಾಸಣೆಗಳಿಗೆ ಪ್ರತ್ಯೇಕ ಕಾಲಮುಗಳಿವೆ. ಪ್ರಯಾಣಕ್ಕೆ, ಜೊತೆಗಿದ್ದವರ ಊಟ ವಸತಿಗೆ, ಕೈತಪ್ಪಿದ ಆದಾಯಕ್ಕೆ ಬೇರೆ ಕಾಲಮುಗಳಿವೆ. ಹಣವನ್ನು ಎಲ್ಲಿಂದ ಹೊಂದಿಸಿದಿರಿ ಎಂಬ ಪ್ರಶ್ನೆಗೆ ಉಳಿತಾಯ, ಸಾಲ, ನೆಂಟರಿಷ್ಟರ ನೆರವು ಇವುಗಳ ಜೊತೆಗೆ ‘ಆಸ್ತಿ ಮಾರಾಟ’ ಎಂಬ ಉತ್ತರವೂ ಇದೆ. ಆ ಹುಡುಗಿಯ ಎಮ್ಮೆ ಸೇರಬೇಕಾದ ಜಾಗ ಅದೇ. ನನ್ನ ಮಾವನ ಆಳಿನ ಕೂಲಿ, ಬಸ್ಸಿನ ಚಾರ್ಜು, ಹಾಲು ಹಣ್ಣು ಇವಕ್ಕೂ ಅಲ್ಲಿ ಸ್ಥಾನವುಂಟು.

ಆ ಸಮೀಕ್ಷೆ ಏನು ಹೇಳಿತು? 2017-18ರಲ್ಲಿ, ಹೆರಿಗೆಯನ್ನು ಬಿಟ್ಟು, ಒಮ್ಮೆ ಆಸ್ಪತ್ರೆಗೆ ಸೇರಿದರೆ ಮನೆಯವರು ಮಾಡಿದ ವೈದ್ಯಕೀಯ ಖರ್ಚು ದೇಶದ ಸರಾಸರಿಯಂತೆ ಸರಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿ ಆಸ್ಪತ್ರೆಯಲ್ಲಿ 31,845 ರೂಪಾಯಿ. ಈ ಎರಡು ಸಂಖ್ಯೆಗಳನ್ನು ಒಟ್ಟಿಗೇ ಓದಬೇಕು. ಸರಕಾರಿ ಆಸ್ಪತ್ರೆ ಬಡವನ ಎಷ್ಟು ದೊಡ್ಡ ಆಸರೆ ಎಂಬುದನ್ನು ಎರಡನೆಯದು ತೋರಿಸಿದರೆ, ‘ಪೂಜ್ಯ’ ಎಂಬುದು ನಿಜವಲ್ಲ ಎಂಬುದನ್ನು ಮೊದಲನೆಯದು ತೋರಿಸುತ್ತದೆ. ಬಸ್ಸು, ಊಟ, ಹೋದ ಕೂಲಿ ಈ 4,452ರಲ್ಲಿ ಸೇರಿಲ್ಲ.

ದೇಶದ ಒಟ್ಟು ಲೆಕ್ಕವೂ ಇದನ್ನೇ ಹೇಳುತ್ತದೆ. ಸರಕಾರದ್ದು, ಮನೆಯವರದ್ದು, ವಿಮೆಯದ್ದು ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆಯುವ ‘ರಾಷ್ಟ್ರೀಯ ಆರೋಗ್ಯ ಲೆಕ್ಕ’ ನಮ್ಮಲ್ಲಿ ಮೊದಲು 2001-02ಕ್ಕಾಗಿ ಸಿದ್ಧವಾಯಿತು. ನನ್ನ ಎರಡು ಕಿರ್ದಿಗಳು ಒಂದೇ ರಟ್ಟಿನೊಳಗೆ ಬಂದದ್ದು ಆಗ! 2013-14ರಲ್ಲಿ ಆರೋಗ್ಯದ ಒಟ್ಟು ವೆಚ್ಚದ ನೂರು ರೂಪಾಯಿಗಳಲ್ಲಿ 64ಕ್ಕೂ ಮಿಕ್ಕಿ ಜನರು ತಮ್ಮ ಜೇಬಿನಿಂದ ನೇರವಾಗಿ ಕೊಟ್ಟಿದ್ದರು. 2021-22ರ ಹೊತ್ತಿಗೆ ಅದು 39.4ಕ್ಕೆ ಇಳಿಯಿತು. ಸರಕಾರಗಳ ಆರೋಗ್ಯ ವೆಚ್ಚ ದೇಶದ ಉತ್ಪನ್ನದ ಶೇಕಡಾ 1.15ರಿಂದ 1.84ಕ್ಕೆ ಏರಿತು. 2017ರ ಆರೋಗ್ಯ ನೀತಿ 2025ರೊಳಗೆ 2.5ರ ಗುರಿಯನ್ನು ಇಟ್ಟಿತ್ತು. ದಾರಿ ಸರಿಯಾಗಿದೆ, ನಡಿಗೆ ನಿಧಾನವಾಗಿದೆ.

ಲೆಕ್ಕ ತೆಗೆದುದರಿಂದ ಏನು ಫಲ ಎಂದು ನೀವು ಕೇಳಬಹುದು. ಎರಡು ಉದಾಹರಣೆ ಕೊಡುತ್ತೇನೆ. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ 108ರ ವಾಹನ ಓಡತೊಡಗಿತು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರಕಾರಿ ಆಸ್ಪತ್ರೆಯ ಹೆರಿಗೆ ಉಚಿತವೆಂದರೆ ಔಷಧಿ, ತಪಾಸಣೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತವಿರಬೇಕೆಂದು ವಿಧಿಸಿತು. ಶುಲ್ಕವಿಲ್ಲದಿರುವುದು ಬೇರೆ, ಖರ್ಚಿಲ್ಲದಿರುವುದು ಬೇರೆ ಎಂಬುದನ್ನು ಸರಕಾರವೇ ಒಪ್ಪಿಕೊಂಡಂತಾಯಿತು.

ಎರಡನೆಯದು ನಮ್ಮ ಉತ್ತರ ಕರ್ನಾಟಕಕ್ಕೇ ಸಂಬಂಧಿಸಿದ್ದು. ದೊಡ್ಡ ಕಾಯಿಲೆಗಳಿಗೆ ಬಡವರಿಗೆ ಉಚಿತ ಚಿಕಿತ್ಸೆ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಜಾರಿಯಾಯಿತು. ದಕ್ಷಿಣಕ್ಕೆ ತಡವಾಗಿ ಹೋಯಿತು. ಯೋಜನೆ ಇದ್ದ ಮತ್ತು ಇಲ್ಲದ ಪ್ರದೇಶಗಳ ಗಡಿಯ ಆಚೀಚೆಯ 572 ಹಳ್ಳಿಗಳನ್ನು ಹೋಲಿಸಿ ನೀರಜ್ ಸೂದ್, ಅರ್ನಬ್ ಮುಖರ್ಜಿ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಬಂಧ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇಕಡಾ 0.32, ಇಲ್ಲದ ಹಳ್ಳಿಗಳಲ್ಲಿ 0.90 ಆಗಿತ್ತು. ಮನೆಯ ಖರ್ಚಿನ ಭಾರ ಇಳಿದರೆ ಹಣವಷ್ಟೇ ಅಲ್ಲ, ಜೀವವೂ ಉಳಿಯುತ್ತದೆ ಎಂದಾಯಿತು. 2018ರಲ್ಲಿ ಇಂತಹ ಯೋಜನೆಗಳು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಎಂಬ ಹೆಸರಿನಲ್ಲಿ ಒಂದಾದವು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. 2017-18ರ ಸಮೀಕ್ಷೆ ದೇಶದಲ್ಲಿ 1,13,823 ಮನೆಗಳನ್ನು ನೋಡಿತು. ದೇಶಕ್ಕೆ, ರಾಜ್ಯಕ್ಕೆ ಅದು ಸಾಕು. ಬೈಲಹೊಂಗಲಕ್ಕೋ ಈಗ ಪ್ರತ್ಯೇಕ ತಾಲೂಕಾಗಿರುವ ಕಿತ್ತೂರಿಗೋ ಅದರಿಂದ ಅಂಕಿ ತೆಗೆಯಲಾಗದು. ನಮ್ಮ ದವಾಖಾನೆಯ ಲೆಕ್ಕವನ್ನು ನಮ್ಮ ದವಾಖಾನೆಯೇ ಹೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಪ್ರತಿ ಕಚೇರಿಯೂ ತನಗೆ ಬಂದ ಮತ್ತು ತಾನು ವೆಚ್ಚ ಮಾಡಿದ ಹಣವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು ಹೇಳುತ್ತದೆ. ನನ್ನ ಬೇಡಿಕೆ ಸಣ್ಣದು. ಪ್ರತಿ ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ ಒಂದು ಫಲಕವಿರಲಿ. ಕಳೆದ ವರ್ಷ ಬಂದ ಹಣ, ಹೊರರೋಗಿಗಳ ಸಂಖ್ಯೆ, ಹಾಸಿಗೆ-ದಿನಗಳು, ಖಾಲಿ ಹುದ್ದೆಗಳು, ಅವಶ್ಯಕ ಔಷಧಿ ಇಲ್ಲದ ದಿನಗಳು ಈ ಐದು ಸಂಗತಿಗಳು ಕನ್ನಡದಲ್ಲಿ ಅದರ ಮೇಲಿರಲಿ. ಜೊತೆಗೆ, ಮನೆಗೆ ಹೋಗುವ ರೋಗಿಯ ಚೀಟಿಯ ಮೇಲೆ ‘ನಿಮ್ಮ ಚಿಕಿತ್ಸೆಗೆ ಸಾರ್ವಜನಿಕರ ಹಣ ಇಷ್ಟು ವೆಚ್ಚವಾಯಿತು’ ಎಂಬ ಒಂದು ಸಾಲು, ‘ನಿಮ್ಮ ಕೈಯಿಂದ ಎಷ್ಟಾಯಿತು?’ ಎಂಬ ಒಂದು ಪ್ರಶ್ನೆ ಇರಲಿ.

ಇದು ದವಾಖಾನೆಗಳ ತಪ್ಪು ಹುಡುಕುವುದಕ್ಕಲ್ಲ. ‘ಪುಕ್ಕಟೆ’ ಎಂದು ಕರೆದ ವಸ್ತುವನ್ನು ಜನ ಹಗುರವಾಗಿ ಕಾಣುತ್ತಾರೆ. ಬೆಲೆ ಗೊತ್ತಿಲ್ಲದ್ದು ಕಳೆದುಹೋದರೂ ಯಾರೂ ಹುಡುಕುವುದಿಲ್ಲ. ನನ್ನ ತಂದೆಯ ಹದಿನಾಲ್ಕು ದಿನಗಳಿಗೆ ಸರಕಾರ ಇಷ್ಟು ಕೊಟ್ಟಿತೆಂದು ಮಾವನಿಗೆ ತಿಳಿದಿದ್ದರೆ, ಅವರು ಪೂಜ್ಯದ ಜಾಗದಲ್ಲಿ ಆ ಅಂಕಿಯನ್ನು ಕೃತಜ್ಞತೆಯಿಂದ ಬರೆಯುತ್ತಿದ್ದರು. ನಮ್ಮ 118 ರೂಪಾಯಿ ಸರಕಾರಕ್ಕೆ ತಿಳಿದಿದ್ದರೆ ಮುಂದಿನ ರೋಗಿಗೆ ಔಷಧಿಯಾದರೂ ಒಳಗೇ ಸಿಗುತ್ತಿತ್ತೇನೋ.

ನಿಮ್ಮ ಮನೆಯ ಅಟ್ಟದ ಮೇಲೂ ಇಂತಹ ಕಿರ್ದಿ, ಚೋಪಡಿಗಳು ಇದ್ದರೆ ರದ್ದಿಗೆ ಹಾಕಬೇಡಿರಿ. ದವಾಖಾನೆಯ ಪುಟವನ್ನು ಹುಡುಕಿ ಮಕ್ಕಳಿಗೆ ಓದಿ ತೋರಿಸಿರಿ. ಮತ್ತು ಅಂದು ಖಾಲಿ ವಹಿಯೊಂದಿಗೆ ನಿಂತಿದ್ದ ಆ ನನ್ನ ವಿದ್ಯಾರ್ಥಿನಿ ಎಲ್ಲಿಯಾದರೂ ಇದನ್ನು ಓದುತ್ತಿದ್ದರೆ ಅವಳಿಗೆ ಒಂದು ಮಾತು. ತಂಗೀ, ಅಂದು ಇಡೀ ತರಗತಿಯಲ್ಲಿ ಸರಿಯಾದ ಉತ್ತರ ಹೇಳಿದವಳು ನೀನೊಬ್ಬಳೇ. ಪೂರ್ಣ ಅಂಕ ಕೊಡಲು ನಿನ್ನ ಮಾಸ್ತರನಿಗೆ ಇಷ್ಟು ವರ್ಷ ಬೇಕಾಯಿತು.

ಎಲ್ಲರಿಗೂ ಆರೋಗ್ಯ ಭಾಗ್ಯ ಲಭಿಸಲಿ.

ಇಂತಿ,
ನಿಮ್ಮ ಹಳೆಯ ಮಾಸ್ತರ